ಲೆಕ್ಕಕ್ಕಿಲ್ಲದ ಪ್ಯಾಸೆಂಜರ್

"ಏಯ್, ಸೊಂಟ ಬಗ್ಸೇ ಮುಂಡೇದೇ! ಬಾಯಿ ಬಿಟ್ಕೊಂಡು ನಿಂತ್ಕೊಳ್ಳೋಕಾ ನಿಂಗೆ ಕೂಲಿ ಕೊಡೋದು?"

ಮೇಸ್ತ್ರಿ ಬೈದದ್ದು ಕುಳ್ಳಿಗೆ. ರೈಲು ಹಳಿ ರಿಪೇರಿ ಗ್ಯಾಂಗಿನ ಎಂಟು ಹೆಂಗಸರಲ್ಲಿ ಏಳು ಮಂದಿ ಹಳಿ ಹೊತ್ತ ಸ್ಲೀಪರುಗಳ ಅಡಿಗೆ ಜಲ್ಲಿ ಬಡಿಯುತ್ತಿದ್ದರು. ಕುಳ್ಳಿ ಮಾತ್ರ ಪಿಕಾಸಿ ಊರಿ, ಟ್ರಾಲಿಯ ಮೇಲೆ ಬರುತ್ತಿದ್ದ ಇಂಜಿನಿಯರ್ ಸಾಹೇಬನಿಗಾಗಿ ಕಾದಿದ್ದಳು. ಟ್ರಾಲಿಯನ್ನು ನಾಲ್ಕು ಆಳುಗಳು ಹಳಿಯ ಮೇಲೆ ಓಡುತ್ತಾ ತಳ್ಳುತ್ತಿದ್ದರು. ಸಾಹೇಬ ಕೊಡೆಯ ನೆರಳಲ್ಲಿ ಕೂತಿದ್ದ. ಟ್ರಾಲಿ ನಿಂತೊಡನೆ ಕುಳ್ಳಿ ಹತ್ತಿರ ಹೋದಳು.

"ಸಾಹೇಬ್ರೇ, ಬೆಳಿಗ್ಗೆ ಆರರ ಗಾಡಿ ಮತ್ತೆ ಬಿಡ್ಸಿ. ನಮ್ಮಕ್ಕಂಗೆ ಕಿಡ್ನಿ ಹೋಗಿದೆ. ವಾರಕ್ಕೆರಡು ಸಲ ದೊಡ್ಡಾಸ್ಪತ್ರೇಲಿ ಮಿಷನ್ನಿಗೆ ಹಾಕಿಸ್ಬೇಕು. ಎಂಟಕ್ಕೆಲ್ಲ ಅಲ್ಲಿರ್ಬೇಕು."

ಸಾಹೇಬ ಅವಳನ್ನು ನೋಡಲಿಲ್ಲ. ಮೇಸ್ತ್ರಿಯನ್ನು ಕೇಳಿದ: "ಇವ್ರನ್ನ ಕೆಲ್ಸಕ್ಕೆ ಇಟ್ಕೊಂಡಿದೀಯಾ, ಭಾಷಣಕ್ಕಾ?" ಟ್ರಾಲಿ ಹೊರಟ ಮೇಲೆ ಹಿಂದಕ್ಕೆ ಕೂಗಿದ: "ಈಗಿರೋ ಹನ್ನೊಂದರ ಗಾಡಿಗೇ ಜನ ಹತ್ತಲ್ಲ. ಗುರುವಾರ ಎಣಿಸೋಕೆ ಬರ್ತಾರೆ. ಜನ ಇದ್ರೆ ಗಾಡಿ ಇರುತ್ತೆ, ಹೋಗು!"

ಹತ್ತುವುದಾದರೂ ಹೇಗೆ? ಆರರ ಗಾಡಿ ಇದ್ದಾಗ ಕಾಲಿಡಲು ಜಾಗವಿರುತ್ತಿರಲಿಲ್ಲ. ತರಕಾರಿಯ ಬುಟ್ಟಿಗಳು, ಆಸ್ಪತ್ರೆಯ ನೆಲ ಒರೆಸುವವರು, ಮನೆಗೆಲಸದವರು, ಕಾಲೇಜಿನ ಹುಡುಗಿಯರು ಎಲ್ಲರೂ ಅದರಲ್ಲೇ ಹೋಗುತ್ತಿದ್ದರು. ಕ್ವಾರಿ ಧಣಿಯ ಕಲ್ಲು ಹೊರುವ ಗೂಡ್ಸಿಗೆ ಬೆಳಗಿನ ದಾರಿ ಬೇಕಾಯಿತು. ಪ್ಯಾಸೆಂಜರನ್ನು ಹನ್ನೊಂದಕ್ಕೆ ತಳ್ಳಿದರು. ಹನ್ನೊಂದಕ್ಕೆ ಹೊರಟರೆ ಯಾವ ಮನೆಯ ಪಾತ್ರೆ ಕಾದು ಕೂತಿರುತ್ತದೆ?

ಆದರೂ ಗುರುವಾರ ಕುಳ್ಳಿ ಕೇರಿಯ ಮನೆ ಮನೆಗೂ ಹೋದಳು. ಕೂಲಿ ಬಿಟ್ಟು, ಕೂಸು ಕಟ್ಟಿಕೊಂಡು ಜನ ಬಂದರು. ಹನ್ನೊಂದರ ಗಾಡಿಯ ಎರಡು ಬೋಗಿಯೂ ತುಂಬಿ ಬಾಗಿಲಲ್ಲಿ ಜೋತಾಡಿದರು. ಎಣಿಸುವ ಅಧಿಕಾರಿ ಪೆನ್ಸಿಲ್ ಹಿಡಿದು ಒಳಗೆ ನುಗ್ಗಿದ.

"ಟಿಕೆಟ್?"

"ಎಲ್ಲಿಂದ ತರೋದು ಸ್ವಾಮಿ? ಟಿಕೆಟ್ ಕಿಟಕಿಗೆ ಹಲಗೆ ಹೊಡ್ದು ಎರಡು ವರ್ಷ ಆಯ್ತು."

"ಅದು ನಂಗೆ ಸಂಬಂಧ ಇಲ್ಲ. ಟಿಕೆಟ್ ಇಲ್ದೋರು ಪ್ಯಾಸೆಂಜರ್ ಅಲ್ಲ."

"ಮತ್ತೆ ನಾವೇನು ದನಾನಾ?" ಕುಳ್ಳಿ ಕೇಳಿದಳು.

"ದನ ಆಗಿದ್ರೆ ವ್ಯಾಗನ್ ಬಾಡಿಗೆನಾದ್ರೂ ಬರೋದು."

ಹಿಂದಿನ ದಿನವೇ ಪೇಟೆಯಲ್ಲಿ ಟಿಕೆಟ್ ಮಾಡಿಸಿಕೊಂಡಿದ್ದವರು ನಾಲ್ವರಿದ್ದರು. ಅವನ ಕಾಗದದಲ್ಲಿ ನಾಲ್ಕು ಎಂದೇ ಬಿತ್ತು. ಮುಂದಿನ ತಿಂಗಳು ಸ್ಟೇಷನ್ನಿನ ಗೋಡೆಗೆ ನೋಟೀಸು ಅಂಟಿಸಿದರು: ಪ್ರಯಾಣಿಕರ ಕೊರತೆಯಿಂದ ಸೇವೆ ರದ್ದು.

ಇಷ್ಟು ದಿನ ಅಕ್ಕ ಹಿಂದಿನ ದಿನದ ಹನ್ನೊಂದರ ಗಾಡಿಯಲ್ಲೇ ಹೋಗಿ, ಆಸ್ಪತ್ರೆಯ ಜಗುಲಿಯಲ್ಲಿ ರಾತ್ರಿ ಕಳೆದು ಸರದಿ ಹಿಡಿಯುತ್ತಿದ್ದಳು; ಈಗ ಅದೂ ತಪ್ಪಿತು. ಕುಳ್ಳಿಯ ಗಂಡ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿ, ತನ್ನ ಸೊಂಟಕ್ಕೆ ಪಂಚೆಯಲ್ಲಿ ಬಿಗಿದುಕೊಂಡು, ಏಳು ಮೈಲಿ ತುಳಿದು ಬಸ್ಸು ಹಿಡಿಸಿದ. ತಲುಪುವಷ್ಟರಲ್ಲಿ ಒಂಬತ್ತೂವರೆ. ಅಕ್ಕನ ಸರದಿ ಬೇರೆಯವರಿಗೆ ಹೋಗಿತ್ತು. ಮುಂದಿನ ಸಲವೂ ಹಾಗೆಯೇ ಆಯಿತು. ಅಕ್ಕನ ಮುಖ ಊದಿಕೊಂಡಿತು. ಕಾಲನ್ನು ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು.

"ಬಿಡೇ, ಸಾಕು. ನನ್ನ ಕೂರಿಸ್ಕೊಂಡು ಸೈಕಲ್ ತುಳ್ದು ತುಳ್ದು ನಿನ್ ಗಂಡನ ಎದೆ ಒಡ್ದೋಗುತ್ತೆ," ಎಂದಳು ಅಕ್ಕ.

"ಬಾಯಿ ಮುಚ್ಕೊಂಡು ಬಿದ್ಕೊ," ಎಂದು ಕುಳ್ಳಿ ಗದರಿದಳು. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಕಲ್ಲು ತುಂಬಿದ ಗೂಡ್ಸು ತಿರುವಿನಲ್ಲಿ ಕಂಡಿತು. ಗ್ಯಾಂಗಿನ ಸಾಮಾನಿನಲ್ಲಿದ್ದ ಕೆಂಪು ಬಾವುಟ ಎಳೆದುಕೊಂಡು ಕುಳ್ಳಿ ಹಳಿಯ ನಡುವೆ ಓಡಿದಳು. ಬ್ರೇಕು ಕಿರುಚಿತು. ಎಂಜಿನ್ ಅವಳಿಗೆ ಹತ್ತು ಮಾರು ದೂರದಲ್ಲಿ ನಿಂತಿತು.

ಡ್ರೈವರ್ ಕಿಟಕಿಯಿಂದ ಬಗ್ಗಿದ. "ಏನಮ್ಮಾ, ಹಳಿ ಮುರಿದಿದ್ಯಾ?"

"ಹಳಿ ಸರಿಯಾಗಿದೆ. ನಾನೇ ಬಡ್ದಿರೋದು."

"ಮತ್ಯಾಕೆ ನಿಲ್ಸಿದೆ?"

"ನಮ್ಮಕ್ಕ ಹತ್ಬೇಕು."

ಮೇಸ್ತ್ರಿ ಓಡಿ ಬಂದ. "ಜೈಲಿಗೆ ಹೋಗ್ತೀಯ ಕಣೇ ಬೋಸುಡಿ! ನಂದೂ ಅನ್ನ ಕಳೀತೀಯ!" ಬಾವುಟ ಕಿತ್ತುಕೊಂಡ. ಅಷ್ಟರಲ್ಲಿ ಉಳಿದ ಏಳು ಹೆಂಗಸರೂ ಪಿಕಾಸಿ ಕೆಳಗಿಟ್ಟು ಎಂಜಿನ್ನಿನ ಮುಂದೆ ಬಂದು ನಿಂತರು.

ಗಾರ್ಡ್ ಕಟ್ಟಕಡೆಯ ಡಬ್ಬಿಯಿಂದ ಇಳಿದು ಬಂದ. ಹಳಿಯ ಪಕ್ಕ ಸೈಕಲ್ಲಿನಲ್ಲಿ ಕುಳ್ಳಿಯ ಗಂಡನ ಬೆನ್ನಿಗೆ ಆತುಕೊಂಡಿದ್ದ ಅಕ್ಕನ ಮುಖ ನೋಡಿದ, ತನ್ನ ಗಡಿಯಾರ ನೋಡಿದ. "ನನ್ನ ಕೆಲ್ಸ ಹೋಗುತ್ತೆ," ಎಂದು ತನಗೇ ಹೇಳಿಕೊಂಡು, ಹಿಂದಕ್ಕೆ ನಡೆದು ಡಬ್ಬಿಯ ಬಾಗಿಲು ತೆಗೆದ. ಅಕ್ಕನನ್ನು ಎತ್ತಿ ಒಳಗೆ ಮಲಗಿಸಿದರು. ಗಂಡನೂ ಹತ್ತಿದ. ಗೂಡ್ಸು ಹೊರಟಿತು.

ಮೇಸ್ತ್ರಿ ಫೋನಿನಲ್ಲಿ ಕೂಗಾಡುತ್ತಿದ್ದ. ದೂರದ ಮಣ್ಣಿನ ರಸ್ತೆಯಲ್ಲಿ ಪೊಲೀಸ್ ಜೀಪಿನ ಧೂಳು ಎದ್ದಿತು.

"ಹೋಗಿದ್ದೇನೋ ಆಯ್ತು, ವಾಪಸ್ ಬರೋದು ಹೇಗೆ ಅವ್ಳು?" ಗ್ಯಾಂಗಿನ ಮುದುಕಿ ಕೇಳಿದಳು.

"ನಾಲ್ಕಕ್ಕೆ ಖಾಲಿ ಗೂಡ್ಸ್ ಬರುತ್ತಲ್ಲ, ದೊಡ್ಡವ್ವ," ಎಂದು ಕುಳ್ಳಿ ಹಳಿಯ ಮೇಲೆ ಕೂತಳು.

ಮುದುಕಿ ಸೆರಗು ಕೊಡವಿ ಅವಳ ಪಕ್ಕದಲ್ಲಿ ಕೂತಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಕೂತರು.