ಒಪ್ಪಿಗೆಯ ಮೇಣದಬತ್ತಿ

ಪ್ರಕೃತಿಯನ್ನು ಪೂಜಿಸುವ ವಿಕ್ಕಾ ಪಂಥವನ್ನು ಪುಸ್ತಕ ನೋಡಿ ಕಲಿಯತೊಡಗಿ ಹೊಲಿಗೆಯವಳಿಗೆ ಮೂರು ವಾರವಾಗಿತ್ತು. ನಾಳೆ ಅಕ್ಕನಿಗೆ ಆಪರೇಷನ್. ಇವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಕ್ಕ ಹುಷಾರಾಗಲೆಂದು ಪುಸ್ತಕದಲ್ಲಿದ್ದ ಪೂಜೆಗೆ ನೀಲಿ ಮೇಣದಬತ್ತಿ, ಉಪ್ಪಿನ ಬಟ್ಟಲು ಎಲ್ಲ ಸಿದ್ಧವಿತ್ತು. ಆದರೆ ಯಾರಿಗಾಗಿ ಹಚ್ಚುತ್ತೇವೋ ಅವರ ಒಪ್ಪಿಗೆ ಪಡೆಯಬೇಕೆಂದು ಪುಸ್ತಕ ಹೇಳಿತ್ತು. ಅಕ್ಕನೊಂದಿಗೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಕೇಳದೆ ಹಚ್ಚಿ ಎಡವಟ್ಟಾದರೆ ಎಂದು ಮೂರು ಸಲ ಕಡ್ಡಿ ಗೀರಿ ಆರಿಸಿದಳು. ಕೊನೆಗೆ ಫೋನ್ ಮಾಡಿದಳು.

"ಅಕ್ಕಾ, ನಿನ್ನ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ಚಲಾ?"

"ಇನ್ನೂ ಬದುಕಿದ್ದೀನಿ ಕಣೇ."

"ನೀನು ಹುಷಾರಾಗ್ಲಿ ಅಂತ. ನೀನು ಹೂಂ ಅನ್ನಬೇಕು."

"ಹೂಂ. ನಮ್ಮನೆಗೇ ಬಂದು ಹಚ್ಚು. ನಂಗೆ ಭಯ ಆಗ್ತಿದೆ."

ತಂಗಿ ಮೇಣದಬತ್ತಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಬೆಂಕಿಪೊಟ್ಟಣ ಮರೆತೆನೇನೋ ಎಂದು ಮೆಟ್ಟಿಲಿಳಿಯುತ್ತ ಎರಡು ಸಲ ತಡಕಿ ನೋಡಿದಳು.