ಮರಳುಗಾಡು ನಾಲ್ಕು

ನಿದಾಲ್ ಅತ್ತೆ ಇರಾಕಿನ ಬಸ್ರಾದಿಂದ ಸ್ವೀಡನ್ನಿನ ಮಾಲ್ಮೊಗೆ ಬಂದ ಮೊದಲ ವಾರವೇ ಟೀವಿಯ ಮುಂದೆ ಕೂತು ಎದೆ ಬಡಿದುಕೊಂಡು ಅತ್ತರು.

ತಪ್ಪು ಅವರದಲ್ಲ. ಅಣ್ಣನ ಮಗಳು ಸವ್ಸನ್ ಒಳಗೆ ಅಡುಗೆ ಮಾಡುತ್ತಿದ್ದಳು. ಅತ್ತೆ ಸೋಫಾದ ತುದಿಯಲ್ಲಿ ಕೂತು ಒಣನಿಂಬೆಯ ಚಹಾ ಹೀರುತ್ತ ಒಂದಾದ ಮೇಲೊಂದು ಚಾನೆಲ್ ಬದಲಾಯಿಸುತ್ತಿದ್ದರು. ಎಲ್ಲಿಂದಲೋ ಒಂದು ಹೆಣ್ಣು ದನಿ 'ಆ…' ಎಂದು ಎದ್ದು, ನಡುಗಿ, ಬಳುಕಿ, ಕೆಳಗಿಳಿಯಿತು. ಅತ್ತೆ ಲೋಟ ಪಕ್ಕಕ್ಕಿಟ್ಟರು. ಯಾರದೋ ಮನೆಯಲ್ಲಿ ಸಾವಾಗಿದೆ, ಪಾಪ, ಒಬ್ಬಳೇ ಹಾಡಿಕೊಂಡು ಅಳುತ್ತಿದ್ದಾಳೆ, ಜೊತೆಗೂಡುವವರು ಯಾರೂ ಇದ್ದಂತಿಲ್ಲ. ತಲೆಯ ಮೇಲಿನ ಕರಿಬಟ್ಟೆ ಸರಿಮಾಡಿಕೊಂಡು, ಎದೆಗೆ ಕೈಹಾಕಿ, 'ಅಯ್ಯೋ ನನ್ನವ್ವಾ' ಎಂದು ಶುರುಮಾಡಿಯೇ ಬಿಟ್ಟರು.

ಅಷ್ಟರಲ್ಲಿ ಡ್ರಮ್ಮು ಬಡಿಯಿತು. ಹೊಕ್ಕುಳಿಗೆ ಹರಳು ಅಂಟಿಸಿಕೊಂಡ ಹುಡುಗಿಯರ ಹಿಂಡು ಸೊಂಟ ಕುಣಿಸುತ್ತ ಬಂತು. ಅವರ ಹಿಂದೆ ಒಂದು ಒಂಟೆ, ಒಂಟೆಯ ಪಕ್ಕ ಕತ್ತಿ ಹಿಡಿದ ಗಡ್ಡದವನು, ಎಲ್ಲರ ನಡುವೆ ಬಂಗಾರದ ಕೂದಲಿನ ಹಾಡುಗಾರ್ತಿ.

ಸವ್ಸನ್ ಸೌಟು ಹಿಡಿದೇ ಓಡಿಬಂದಳು. ಅತ್ತೆಯ ಕೈ ಎದೆಯ ಮೇಲೇ ನಿಂತಿತ್ತು.

"ಯಾರು ಸತ್ತಿದ್ದೇ?" ಎಂದರು ಅತ್ತೆ.

"ಯಾರೂ ಇಲ್ಲ ಅತ್ತೆ. ಇದು ಪ್ರೇಮದ ಹಾಡು."

"ಮತ್ತೆ ಆ ಹೆಂಗಸು ಅಳ್ತಾ ಇದ್ಲಲ್ಲ?"

ಸವ್ಸನ್‌ಗೆ ನಗು, ನಾಚಿಕೆ ಎರಡೂ ಒಟ್ಟಿಗೇ ಬಂದವು. "ಅದು ನಾನೇ" ಎಂದಳು.

ಅತ್ತೆ ಟೀವಿಯನ್ನೂ ಸೊಸೆಯನ್ನೂ ಸರದಿಯಂತೆ ನೋಡಿದರು. ಆಮೇಲೆ ಪ್ರಶ್ನೆಗಳು ಶುರುವಾದವು. ಇದು ಯಾವ ದೇಶ? ಈ ಹುಡುಗೀರಿಗೆ ಚಳಿ ಆಗಲ್ವಾ? ಅರಮನೆ ಥರ ಇದೆ, ಅಡುಗೆಮನೆ ಎಲ್ಲಿ? ಸವ್ಸನ್ ಇದ್ದದ್ದನ್ನು ಇದ್ದಹಾಗೆ ಹೇಳಿದಳು: ಇದು ಮಾಲ್ಮೊ ಬಂದರಿನ ಹಿಂದಿನ ಒಂದು ಹಳೇ ಗೋದಾಮು, ಮರಳು ಕಡಲತೀರದ್ದು, ಕತ್ತಿಯವನು ಪಿಜ್ಜಾ ಅಂಗಡಿಯ ಗ್ರೀಕ್ ಹುಡುಗ, ಒಂಟೆ ಡೆನ್ಮಾರ್ಕಿನಿಂದ ಬಾಡಿಗೆಗೆ ಬಂದದ್ದು.

"ಒಂಟೆ ಡೆನ್ಮಾರ್ಕಿಂದಾ!" ಎಂದು ಅತ್ತೆ ಮುಂದಕ್ಕೆ ಬಗ್ಗಿ ಅದನ್ನು ಇನ್ನೊಮ್ಮೆ ನೋಡಿದರು. "ಅದಕ್ಕೇ ಮೈಕೈ ತುಂಬ್ಕೊಂಡಿದೆ. ನಾನೂ ಒಂದ್ಸಲ ಬಸ್ಸಿಂದ ಒಂಟೆ ನೋಡಿದ್ದೆ, ಇಷ್ಟು ಚೆನ್ನಾಗಿರ್ಲಿಲ್ಲ."

ಅತ್ತೆಯ ಊರು ಬಸ್ರಾದ ಪಕ್ಕದ ಖರ್ಜೂರದ ತೋಟಗಳ ನಡುವೆ ಇತ್ತು. ಅಲ್ಲಿ ಕಾಲುವೆಗಳು, ದೋಣಿಗಳು, ಎಮ್ಮೆಗಳು. ಮರಳು ಬೇಕೆಂದರೆ ಹುಡುಕಿಕೊಂಡು ಹೋಗಬೇಕು. ಅತ್ತೆ ಅಲ್ಲಿ ಮುಲ್ಲಾಯಾ ಆಗಿದ್ದರು. ಸಾವಿನ ಮನೆಯಲ್ಲಿ ಹೆಂಗಸರ ನಡುವೆ ಕೂತು ಹಾಡಿ ಅಳಿಸುವವರಿಗೆ ಹಾಗೆನ್ನುತ್ತಾರೆ. ಅದಕ್ಕೊಂದು ಕ್ರಮವಿದೆ. ಮುಲ್ಲಾಯಾ ಬಂದವಳೇ ಬಾಯಿ ತೆಗೆಯುವುದಿಲ್ಲ. ಮೊದಲು ಸತ್ತವರ ಹೆಸರು ಕೇಳುತ್ತಾಳೆ, ಆಮೇಲೆ ಅವರು ಅರ್ಧಕ್ಕೆ ಬಿಟ್ಟುಹೋದದ್ದು ಏನು ಎಂದು ಕೇಳುತ್ತಾಳೆ. ಹೊಲಿಯುತ್ತಿದ್ದ ಅಂಗಿಯೋ, ಉಪ್ಪಿನಲ್ಲಿಟ್ಟ ಮೀನೋ, ಮುನಿಸಿಕೊಂಡ ಅಕ್ಕನೋ, ಏನಾದರೂ ಇದ್ದೇ ಇರುತ್ತದೆ. ಅದನ್ನು ಹಿಡಿದು ಹಾಡು ಕಟ್ಟುತ್ತಾಳೆ. ಹೆಸರು ಬಂದಾಗಲೆಲ್ಲ ಉಳಿದ ಹೆಂಗಸರು ಎದೆ ತಟ್ಟಿ ಆ ಹೆಸರನ್ನು ತಿರುಗಿ ಹೇಳುತ್ತಾರೆ.

ಸವ್ಸನ್‌ಗೆ ಇದೆಲ್ಲ ಕೇಳಿ ಗೊತ್ತೇ ಹೊರತು ಕಂಡು ಗೊತ್ತಿಲ್ಲ. ಅಪ್ಪನ ಹೆಗಲ ಮೇಲೆ ಕೂತು ಸ್ವೀಡನ್ನಿಗೆ ಬಂದವಳು ಅವಳು. ಮನೆಯ ಅರಬ್ಬಿ ಮಾತು ಅಡುಗೆ, ಬೈಗುಳ, ಮುದ್ದು ಇಷ್ಟಕ್ಕೆ ಸಾಕಾಗುವಷ್ಟಿತ್ತು. ಆದರೂ ಈ ಪೇಟೆಯಲ್ಲಿ ಯಾವ ಹಾಡಿಗೆ ಮರಳುಗಾಡು ಬೇಕಾದರೂ ಅವಳಿಗೇ ಕರೆ ಬರುತ್ತಿತ್ತು. ಕರೆಯುತ್ತಿದ್ದವನು ಹಾಂಪುಸ್, ಹಾಡು ಕಟ್ಟಿ ಕಂಪನಿಗೆ ಕೊಡುವವನು. ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿ ಒಂದು 'ಆ…' ಎಳೆದರೆ ಮುಗಿಯಿತು. ಕೇಳಿದವರು 'ಆಹಾ, ರಕ್ತದಲ್ಲೇ ಬಂದಿದೆ' ಎನ್ನುತ್ತಿದ್ದರು. ರಕ್ತದಲ್ಲಿ ಬಂದದ್ದೇನೂ ಅಲ್ಲ, ಚಿಕ್ಕಂದಿನಲ್ಲಿ ಸ್ವೀಡನ್ನಿನ ಟೀವಿಯಲ್ಲಿ ಬರುತ್ತಿದ್ದ ಒಂದು ಶಾಂಪೂ ಜಾಹೀರಾತಿನಿಂದ ಬಂದದ್ದು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹಾಂಪುಸ್ ಆ ಆಲಾಪಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿಟ್ಟಿದ್ದ. ಮರಳುಗಾಡು ಒಂದು, ಮರಳುಗಾಡು ಎರಡು, ಹೀಗೆ. ನಾಲ್ಕನೆಯದು ಅವನ ಕಣ್ಮಣಿ. ಸವ್ಸನ್‌ಳ ಅಮ್ಮ ತೀರಿಕೊಂಡ ವಾರದಲ್ಲಿ ಹಾಡಿದ್ದು ಅದು. ಅಪ್ಪ ಮೊದಲೇ ಹೋಗಿದ್ದ. ಮಾಲ್ಮೊದಲ್ಲಿ ಆಗ ಮುಲ್ಲಾಯಾ ಯಾರೂ ಇರಲಿಲ್ಲ. ಕಟ್ಟಡದ ಹೆಂಗಸರು ಬಂದು, ಕಾಫಿ ಕುಡಿದು, ಮೆಲ್ಲಗೆ ಮಾತಾಡಿ ಹೋಗಿದ್ದರು. ಸವ್ಸನ್‌ಗೆ ಅಳು ಬಂದಿರಲಿಲ್ಲ. ರೆಕಾರ್ಡಿಂಗ್ ಮೊದಲೇ ಗೊತ್ತಾಗಿತ್ತೆಂದು ಹೋಗಿ ಹಾಡಿ ಬಂದಿದ್ದಳು; ಏನು ಹಾಡಿದೆನೆಂದು ಮನೆ ತಲುಪುವಷ್ಟರಲ್ಲಿ ಮರೆತೂ ಬಿಟ್ಟಿದ್ದಳು. ಹಾಂಪುಸ್ ಮಾತ್ರ ಅದನ್ನು ಯಾವ ಹಾಡಿಗೂ ಹಾಕದೆ, 'ದೊಡ್ಡದೊಂದು ಬರಲಿ' ಎಂದು ಎತ್ತಿಟ್ಟಿದ್ದ.

ಈಗ ದೊಡ್ಡದು ಬಂದಿತ್ತು. ಬಂಗಾರದ ಕೂದಲಿನ ಅದೇ ಹಾಡುಗಾರ್ತಿಯ ಹೊಸ ಹಾಡು. ಹಾಂಪುಸ್ ಫೋನಿನಲ್ಲಿ ಕುಣಿದಾಡುತ್ತಿದ್ದ.

"ಈ ಸಲ ಬರೀ ಆ ಆ ಸಾಲ್ದು ಸವ್ಸನ್. ನಿಜವಾದ್ದು ಬೇಕು, ಮಾತಿರ್ಬೇಕು. ಅದನ್ನ ತಂದುಕೊಟ್ರೆ ಹಾಡಿನ ಮೇಲೆ ಅವಳ ಹೆಸರಿನ ಪಕ್ಕ ನಿನ್ನ ಹೆಸ್ರು. ಕಂಪನಿ ಒಪ್ಪಿದೆ."

ನಿನ್ನ ಹೆಸರು! ಇಷ್ಟು ವರ್ಷ ಯಾರು ಯಾರದೋ ಹಾಡಿನ ಹಿಂದೆ ಗೋಳಿಟ್ಟಿದ್ದಳು, ಒಂದರ ಮೇಲೂ ಅವಳ ಹೆಸರಿರಲಿಲ್ಲ. ಅದೊಂದು ಬಂದುಬಿಟ್ಟರೆ ನಾಳೆ ತನ್ನದೇ ಹಾಡು ತಾನೇ ಹಾಡಬಹುದು. ಆಸೆಯಿಂದ ಅವಳ ಕಿವಿ ಬಿಸಿಯಾಯಿತು. ಅವಳ ಕಣ್ಣು ತಾನಾಗಿ ಅತ್ತೆಯ ಕಡೆ ಹೋಯಿತು.

ಅತ್ತೆ ಬರುವುದಿಲ್ಲ ಅನ್ನಬಹುದೆಂದು ಹೆದರಿದ್ದಳು. ಆದರೆ ಅತ್ತೆಗೆ ಕುತೂಹಲವೇ ಹೆಚ್ಚು. "ಆ ಡೆನ್ಮಾರ್ಕ್ ಒಂಟೆ ಅಲ್ಲಿರುತ್ತಾ?" ಎಂದು ಕೇಳಿಕೊಂಡೇ ಹೊರಟರು.

ಒಂಟೆ ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರೆ ಹಾಂಪುಸ್ ಕಾಲುಚೀಲದಲ್ಲೇ ನಿಂತು ಕಾಫಿ, ಏಲಕ್ಕಿ ಬನ್ನು ಮುಂದಿಟ್ಟ. ಸ್ವೀಡನ್ನಿನಲ್ಲಿ ಎಲ್ಲರೂ ಎಲ್ಲರಿಗೂ ನೀನು. "ನೀನು ಬಂದಿದ್ದು ಖುಷಿಯಾಯ್ತು, ನಿದಾಲ್" ಎಂದ. ಅದಕ್ಕೆ ಬೇಕಾದ ಮರ್ಯಾದೆಯನ್ನು ಸವ್ಸನ್ ತಾನೇ ಸೇರಿಸಿ ಅರಬ್ಬಿಯಲ್ಲಿ ಹೇಳಿದಳು. ಅತ್ತೆ ಬನ್ನಿನ ಪದರ ಬಿಡಿಸಿ, ಮೂಸಿ, ಮೆಚ್ಚಿ, ಒಂದು ಮುಗಿಸಿ ಇನ್ನೊಂದು ಎತ್ತಿಕೊಂಡರು.

"ಒಳ್ಳೇ ಹುಡುಗ" ಎಂದರು. "ಕೇಳು ಅವನನ್ನ. ಸತ್ತವರ ಹೆಸರೇನು? ಏನು ಅರ್ಧಕ್ಕೆ ಬಿಟ್ಟುಹೋದ್ರು?"

ಸವ್ಸನ್ ಕೇಳಿದಳು. ಹಾಂಪುಸ್ ಕಣ್ಣು ಕಣ್ಣು ಬಿಟ್ಟ. "ಯಾರೂ ಸತ್ತಿಲ್ಲ. ಹಾಡಿನಲ್ಲಿ ಒಬ್ಬ ರಾಜಕುಮಾರ ಬರ್ತಾನೆ, ಇವಳನ್ನ ಎತ್ತಿಕೊಂಡು ಹೋಗ್ತಾನೆ. ಅದಕ್ಕೆ ಮುಂಚೆ ಒಂದು ವಾತಾವರಣ ಬೇಕು, ಅಷ್ಟೇ."

"ಎತ್ತಿಕೊಂಡು ಹೋದ್ರೆ ಪೊಲೀಸಿನವರನ್ನ ಕರೀಬೇಕು, ನನ್ನನ್ನ ಯಾಕೆ ಕರೆದ್ರು?" ಎಂದರು ಅತ್ತೆ. ಸಿಟ್ಟೇನೂ ಇರಲಿಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು. "ಹೆಸರಿಲ್ದೆ ನಾನು ಹೆಂಗೆ ಅಳ್ಲಿ ಮಗಳೇ? ಅಳು ಯಾರ ಮನೆಗೆ ಹೋಗ್ಬೇಕು?"

ಹಾಂಪುಸ್ ಗಡಿಯಾರ ನೋಡಿದ. ಸವ್ಸನ್‌ಗೆ ತನ್ನ ಹೆಸರು ಕಣ್ಣೆದುರೇ ಕೈಜಾರಿ ಹೋದಂತೆನಿಸಿತು.

"ನಾನು ಹಾಡ್ತೀನಿ" ಎಂದಳು. "ನೀವು ಹೇಳಿಕೊಡಿ ಅತ್ತೆ."

"ಯಾರಿಗೆ?"

ಸವ್ಸನ್ ಯೋಚಿಸಲಿಲ್ಲ. "ಅಮ್ಮನಿಗೆ."

ಅತ್ತೆ ಕೈಯಲ್ಲಿದ್ದ ಬನ್ನು ತಟ್ಟೆಗೆ ಹಾಕಿದರು. ತಲೆಬಟ್ಟೆಯ ಅಂಚಿಗೆ ಬೆರಳು ಒರೆಸಿಕೊಂಡರು. "ಬುಶ್ರಾ ಏನು ಬಿಟ್ಟುಹೋದ್ಲು?"

"ಕೊಡೆ" ಎಂದಳು ಸವ್ಸನ್. "ಆಸ್ಪತ್ರೆಗೆ ಹೊರಟಾಗ ಮಳೆ ಬರ್ತಿತ್ತು. ಬಾಗಿಲ ಹಿಂದೇನೇ ಮರೆತು ಹೋದ್ರು. ಇನ್ನೂ ಅಲ್ಲೇ ಇದೆ."

ಇಬ್ಬರೂ ಮೂಲೆಯಲ್ಲಿ ತಲೆಗೆ ತಲೆ ಕೊಟ್ಟು ಕೂತರು. ಅತ್ತೆ ಪಿಸುದನಿಯಲ್ಲಿ ಕಟ್ಟುತ್ತಾ ಹೋದರು, ಸವ್ಸನ್ ಹಿಂದೆ ಹಿಂದೆ ಹೇಳಿಕೊಂಡಳು. ಆಮೇಲೆ ಮೈಕಿನ ಮುಂದೆ ನಿಂತು ಹಾಡಿದಳು.

ಬುಶ್ರಾ, ಕೊಡೆ ಇಲ್ಲೇ ಇದೆ, ಮಳೆಯಲ್ಲಿ ಹೋದೆಯಾ,
ಬುಶ್ರಾ, ಬಾಗಿಲು ತೆರೆದೇ ಇದೆ, ಯಾರ ಮನೆಗೆ ಹೋದೆಯೋ.

ಗಾಜಿನ ಆಚೆ ಅತ್ತೆ ಎದೆ ತಟ್ಟುತ್ತಿದ್ದರು. ಶಾಂಪೂ ಜಾಹೀರಾತಿನ ನಡುಕವಾಗಲಿ ಬಳುಕಾಗಲಿ ಇದರಲ್ಲಿ ಇರಲಿಲ್ಲ. ದನಿ ನೆಟ್ಟಗೆ, ಒರಟಾಗಿ, ಮನೆಯೊಳಗೆ ನಡೆದಾಡುವವರ ಹಾಗೆ ನಡೆಯಿತು. ತನ್ನೊಳಗೆ ಇಂಥದೊಂದು ಇತ್ತೇ ಎಂದು ಸವ್ಸನ್‌ಗೇ ಬೆರಗು.

ಹಾಂಪುಸ್ ಹೆಡ್‌ಫೋನ್ ತೆಗೆದ. "ಮೈ ಜುಮ್ಮೆನ್ನಿಸಿತು" ಎಂದ. "ಒಂದೇ ಒಂದು. ಪ್ರತಿ ಸಾಲಿನ ಮೊದಲು ಅದೇನೋ ಬು ಬು ಅಂತ ಬರುತ್ತಲ್ಲ, ಅದನ್ನ ತೆಗೆದು ಹಾಡು. ಸಿಕ್ಕಿಹಾಕಿಕೊಳ್ಳುತ್ತೆ, ಮರಳಿನ ಹಾಗೆ ಹರೀತಾ ಇಲ್ಲ."

"ಅದು ನಮ್ಮಮ್ಮನ ಹೆಸರು."

ಹಾಂಪುಸ್ ಕೆಂಪಾದ. ಕೆಟ್ಟವನಲ್ಲ ಅವನು. ಕ್ಷಮೆ ಕೇಳಿದ, ಎದ್ದು ಹೋಗಿ ಕಂಪನಿಗೆ ಫೋನು ಮಾಡಿದ, ಬಹಳ ಹೊತ್ತು ವಾದವನ್ನೂ ಮಾಡಿದ. ಬಂದವನು ನೆಲ ನೋಡುತ್ತ ಹೇಳಿದ.

"ಆಗಲ್ವಂತೆ. ಮಾತಿರಬೇಕು, ಅರ್ಥ ಇರಬಾರದು ಅಂತಾರೆ. ಹೆಸರಿದ್ರೆ ಜನ ಯಾರದು ಅಂತ ಕೇಳ್ತಾರೆ. ಅವರಿಗೆ ಕೇಳೋದು ಬೇಡ, ಕುಣಿಯೋದು ಬೇಕು. ಅದೊಂದು ತೆಗೆದುಬಿಡು ಸವ್ಸನ್. ನಿನ್ನ ಹೆಸರು ಮೇಲೆ ಬರುತ್ತೆ, ಅದರಲ್ಲಿ ಬದಲಿಲ್ಲ."

"ಏನಂತಾನೆ?" ಎಂದರು ಅತ್ತೆ.

ಸವ್ಸನ್ ಸುಳ್ಳು ಹೇಳಬಹುದಿತ್ತು. ಅತ್ತೆಗೆ ಸ್ವೀಡಿಷ್ ಬರುತ್ತಿರಲಿಲ್ಲ, ಹಾಂಪುಸ್‌ಗೆ ಅರಬ್ಬಿ ಬರುತ್ತಿರಲಿಲ್ಲ. ನಡುವೆ ನಿಂತವಳು ಅವಳೊಬ್ಬಳೇ. ಎರಡು ಸಾಲಿನಿಂದ ಒಂದು ಪದ ಎತ್ತಿದರೆ ಯಾರಿಗೂ ತಿಳಿಯುವುದಿಲ್ಲ, ಸತ್ತವರು ಎದ್ದು ಬಂದು ಕೇಳುವುದೂ ಇಲ್ಲ. ಹಾಡಿನ ಮೇಲೆ ತನ್ನ ಹೆಸರು ಅವಳಿಗೆ ಅಷ್ಟು ಬೇಕಾಗಿತ್ತು.

"ಅಮ್ಮನ ಹೆಸರು ತೆಗೆದ್ರೆ ನನ್ನ ಹೆಸರು ಹಾಕ್ತಾರಂತೆ" ಎಂದಳು.

ಅತ್ತೆ ಬೈಯಲಿಲ್ಲ. ಸೊಸೆ ಏನು ಮಾಡುತ್ತಾಳೆಂದು ತಿಳಿಯುವ ಆಸೆಯಿಂದ ತಲೆ ಓರೆ ಮಾಡಿ ಕಾದರು. ಆ ನೋಟವನ್ನು ಎದುರಿಸುವುದು ಬೈಗುಳಕ್ಕಿಂತ ಕಷ್ಟವಾಗಿತ್ತು. ಸವ್ಸನ್ ಹಾಂಪುಸ್ ಕಡೆ ತಿರುಗಿ, "ಈಗ ಹಾಡಿದ್ದನ್ನ ಅಳಿಸಿಬಿಡು" ಎಂದಳು. ಅವನು ಅವಳೆದುರೇ ಅಳಿಸಿದ. ಉಳಿದ ಬನ್ನುಗಳನ್ನು ಕಾಗದದಲ್ಲಿ ಸುತ್ತಿ ಅತ್ತೆಯ ಕೈಗೆ ಕೊಟ್ಟ.

ಬಸ್ಸಿನಲ್ಲಿ ಸವ್ಸನ್ ಮುಖ ಊದಿಸಿಕೊಂಡು ಕೂತಿದ್ದಳು. ದೊಡ್ಡ ತ್ಯಾಗ ಮಾಡಿದವರಿಗೆ ಆಗುವ ನೆಮ್ಮದಿ ಏನೂ ಆಗಲಿಲ್ಲ. ಹೊಟ್ಟೆ ಉರಿಯಿತು, ಅಷ್ಟೇ.

ಆಮೇಲೆ ಹಾಂಪುಸ್‌ನ ಕರೆ ಬರಲಿಲ್ಲ, ಅವಳೂ ಮಾಡಲಿಲ್ಲ. ಚಳಿ ಕಳೆದು ಬಿಸಿಲು ಬಂದ ಮೇಲೆ ಒಂದು ಶನಿವಾರ ಅತ್ತೆ, ಸೊಸೆ ಮೊಲ್ಲೆವಾಂಗೆನ್ ಸಂತೆಯ ಪಕ್ಕದ ಇರಾಕಿ ಅಂಗಡಿಗೆ ಹೋಗಿದ್ದರು. ಅತ್ತೆ ಬೆಂಡೆಕಾಯಿಯ ತುದಿ ಮುರಿದು ನೋಡುತ್ತ ಒಂದೊಂದಾಗಿ ಆರಿಸುತ್ತಿದ್ದರು. ಅಂಗಡಿಯ ಅಬು ಗೈಸ್ ಅದನ್ನು ನೋಡಿ ನೋಡಿ ನರಳುತ್ತಿದ್ದ. ಮೇಲೆ ರೇಡಿಯೊ ಹಾಡುತ್ತಿತ್ತು.

'ಆ…' ಎಂದು ಶುರುವಾಯಿತು.

ಸವ್ಸನ್‌ಗೆ ಗೊತ್ತಾಯಿತು. ಆ ಹೊಸ ಹಾಡು. ತಾನಿಲ್ಲದಿದ್ದರೂ ತನ್ನ ದನಿಯಿತ್ತು. ಪೆಟ್ಟಿಗೆಯಿಂದ ಒಂದು ಹಳೇ ಮರಳುಗಾಡು ತೆಗೆದು ಅಂಟಿಸಿದ್ದಾರೆ. ಎಷ್ಟು ಸುಲಭ! ಅವಳಿಗೆ ಅವಮಾನದಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಟೊಮೇಟೊ ಬುಟ್ಟಿಯ ಕಡೆ ತಿರುಗಿ ನಿಂತಳು. ಹೇಗೂ ಅತ್ತೆ ಈಗ ಮೋಸಹೋಗುವವರಲ್ಲ. ಟೀವಿಯಲ್ಲಿ ಯಾರು ಎಷ್ಟು ಗೋಳಾಡಿದರೂ 'ಒಂಟೆ ಬಂತು' ಎಂದು ನಕ್ಕು ಚಹಾ ಕುಡಿಯುತ್ತಿದ್ದರು.

ಅತ್ತೆಯ ಕೈಯಲ್ಲಿ ಬೆಂಡೆಕಾಯಿ ಮುರಿಯುವ ಸದ್ದು ನಿಂತಿತು.

"ಸವ್ಸನ್."

"ಗೊತ್ತು ಅತ್ತೆ, ನಾನೇ. ಹಳೇದು. ಒಂಟೆ ಬರುತ್ತೆ ಈಗ."

"ಇಲ್ಲ ಕಣೇ. ಇದ್ರಲ್ಲಿ ಯಾರೋ ಸತ್ತಿದಾರೆ."

"ಅಯ್ಯೋ, ಯಾರೂ ಸತ್ತಿಲ್ಲ, ಅದು ಬರೀ..." ಎಂದವಳು ನಿಂತಳು. ದನಿ ಏರಿತು, ಇಳಿಯಬೇಕಾದಲ್ಲಿ ಇಳಿಯಲಿಲ್ಲ, ಯಾರನ್ನೋ ಹುಡುಕುವ ಹಾಗೆ ಅಲ್ಲೇ ನಿಂತು ಕಾಯಿತು. ಇಂಥ ಜಾಗ ಯಾವ ಶಾಂಪೂವಿನದೂ ಅಲ್ಲ. ಅವಳು ಇದನ್ನು ತಾನು ಹಾಡಿದ ಮೇಲೆ ಒಮ್ಮೆಯೂ ಕೇಳಿರಲಿಲ್ಲ.

"ಯಾವಾಗ ಹಾಡಿದ್ದು ಇದು?" ಎಂದರು ಅತ್ತೆ.

"ಮರಳುಗಾಡು ನಾಲ್ಕು" ಎಂದಳು ಸವ್ಸನ್. ಅದು ಅತ್ತೆಗೆ ಅರ್ಥವಾಗುವಂಥದ್ದಲ್ಲ. ಮತ್ತೆ ಹೇಳಿದಳು. "ಅಮ್ಮನ್ನ ಮಣ್ಣು ಮಾಡಿದ ವಾರ."

ಅತ್ತೆ ಬೆಂಡೆಕಾಯಿಯ ಚೀಲವನ್ನು ಅಬು ಗೈಸ್‌ನ ಕೈಗಿತ್ತರು. ತಲೆಬಟ್ಟೆ ಸರಿಮಾಡಿಕೊಂಡರು. "ಪಾಪ, ಹೆಸರಿಲ್ದೆ ಊರೆಲ್ಲ ಅಲೀತಾ ಇದೆ" ಎಂದರು. "ಹೆಸರು ಹೇಳು ಅದಕ್ಕೆ."

ಡ್ರಮ್ಮು ಬಡಿಯಿತು, ಹಾಡುಗಾರ್ತಿ ರಾಜಕುಮಾರನನ್ನು ಕರೆದಳು, ಗಲ್ಲಾದ ಹುಡುಗಿ ಭುಜ ಕುಣಿಸಿದಳು. ಮತ್ತೆ 'ಆ…' ಬಂತು. ದನಿ ಏರಿ, ಅದೇ ಜಾಗದಲ್ಲಿ ನಿಂತು ಕಾಯಿತು.

"ಬುಶ್ರಾ" ಎಂದಳು ಸವ್ಸನ್.

"ಅಯ್ಯೋ ಬುಶ್ರಾ" ಎಂದು ಅತ್ತೆ ಎದೆ ತಟ್ಟಿದರು.

ಖರ್ಜೂರ ತೂಗಿಸುತ್ತಿದ್ದ ಇನ್ನೊಬ್ಬ ಹೆಂಗಸಿಗೆ ಯಾರು, ಏನು ಎಂದು ತಿಳಿಯದು. ಆದರೆ ಅವಳೂ ಬಸ್ರಾ ಕಡೆಯವಳೇ. ಕೈಚೀಲ ಕೆಳಗಿಟ್ಟು, "ಅಯ್ಯೋ ಬುಶ್ರಾ" ಎಂದಳು. ಅಬು ಗೈಸ್ ಗಾಬರಿಯಾಗಿ ರೇಡಿಯೊ ಆರಿಸಲು ಕೈ ಚಾಚಿದ.

"ಇರ್ಲಿ ಬಿಡಪ್ಪ" ಎಂದರು ಅತ್ತೆ. "ನಮ್ಮ ಹುಡುಗಿ ಇನ್ನೂ ಮುಗಿಸಿಲ್ಲ."

ಸವ್ಸನ್ ಟೊಮೇಟೊ ಬುಟ್ಟಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.