ಎರಡನೇ ಬ್ರೇಕು

ಅತ್ತೆ ಆರನೇ ಸಲ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾಗಿ, ಎಲ್ಲರಿಗೂ ಸಿಹಿ ಹಿಡಿದುಕೊಂಡು ಮನೆಗೆ ಬಂದರು.

"ಈ ಸಲ ಇನ್ಸ್‌ಪೆಕ್ಟರು ಒಂದೇ ಸಲ ಕಿರುಚಿದ್ದು ಗೊತ್ತಾ?" ಎಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. "ಹೋದ ಸಲ ಮೂರು ಸಲ ಕಿರುಚಿದ್ರು. ಎಷ್ಟು ಸುಧಾರಿಸಿದೀನಿ ನೋಡಿ!"

ಅವರ ಹಿಂದೆಯೇ ಒಳಗೆ ಬಂದ ಅಳಿಯನ ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ಅತ್ತೆಗೆ ಕಾರು ಕಲಿಸುತ್ತಿದ್ದವರು ಇವರೇ. ಡ್ರೈವಿಂಗ್ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಕಲಿಸಿ ಕಲಿಸಿ ಮನೆಯವರ ಬಾಯಲ್ಲೂ ಮೇಷ್ಟ್ರೇ ಆಗಿಬಿಟ್ಟಿದ್ದರು. ಆ ದಿನ ಏನೇನು ಕೆಡುಕಾಗಬಹುದು ಎಂಬುದನ್ನು ಬೆಳಿಗ್ಗೆ ಹಲ್ಲುಜ್ಜುವಾಗಲೇ ಯೋಚಿಸಿ ಮುಗಿಸುವ ಸ್ವಭಾವ ಮೇಷ್ಟ್ರದು. ಅಂಥವರಿಗೆ ಇಂಥ ಅತ್ತೆ. ಮನೆಯ ಸೂರು ಸೋರಿದರೆ "ಗಿಡಕ್ಕೆ ನೀರು ಹಾಕೋ ಕೆಲಸ ತಪ್ತು" ಎಂದು ಕುಂಡವನ್ನು ಅದರಡಿ ತಂದಿಡುವ ಹೆಂಗಸು.

ಆದರೆ ಈ ಸಲದ ವಿಷಯ ನಗುವಂಥದ್ದಾಗಿರಲಿಲ್ಲ. ಟೆಸ್ಟ್ ಮುಗಿದ ಮೇಲೆ ಇನ್ಸ್‌ಪೆಕ್ಟರು ಮೇಷ್ಟ್ರನ್ನು ಪಕ್ಕಕ್ಕೆ ಕರೆದಿದ್ದರು.

"ನೋಡಿ ಮೇಷ್ಟ್ರೇ, ಇನ್ನೊಂದೇ ಒಂದು ಸಲ. ಆಗ್ಲೂ ನಾನೇ ಬ್ರೇಕ್ ಹಾಕ್ಬೇಕಾಗಿ ಬಂದ್ರೆ, ಇವ್ರಿಗೆ ಲೈಸೆನ್ಸ್ ಕೊಡೋ ಹಾಗೇ ಇಲ್ಲ ಅಂತ ಬರೆದುಬಿಡ್ತೀನಿ. ನನಗೂ ಹೆಂಡ್ತಿ ಮಕ್ಕಳಿದಾರೆ."

ಹಾಗೆ ಬರೆದುಬಿಟ್ಟರೆ ಕೆಡುವುದು ಅತ್ತೆಯ ಹಟವೊಂದೇ ಅಲ್ಲ, ಮಾವನ ಸಂಜೆಗಳೂ. ಮೂವತ್ತು ವರ್ಷ ದಿನಾ ಸಂಜೆ ತಮ್ಮ ಕಾರಿನಲ್ಲಿ ನದಿಯ ದಡದವರೆಗೆ ಹೋಗಿ ಒಂದು ಗಂಟೆ ಕೂತು ಬರುತ್ತಿದ್ದ ಮನುಷ್ಯನಿಗೆ ಕಣ್ಣಿನ ಡಾಕ್ಟರು ಇನ್ನು ಸ್ಟಿಯರಿಂಗ್ ಮುಟ್ಟಕೂಡದು ಎಂದಿದ್ದರು. ಬಸ್ಸು ಹತ್ತುವುದೆಂದರೆ ಮಾವನಿಗೆ ಮರ್ಯಾದೆ ಹೋದ ಹಾಗೆ. ಅಳಿಯನ ಜೊತೆ ಹೋಗೋಣವೆಂದರೆ ಮೇಷ್ಟ್ರಿಗೆ ಸಂಜೆಯೇ ಪಾಠದ ಹೊತ್ತು, ಮನೆಯಲ್ಲಿ ಬೇರೆ ಯಾರಿಗೂ ಕಾರು ಓಡಿಸಲು ಬಾರದು. "ನಾನು ಕಲಿತು ಕರ್ಕೊಂಡು ಹೋಗ್ತೀನಿ ಬಿಡಿ, ಅಲ್ಲೀ ತನಕ ನೀವು ಪಕ್ಕದ ಸೀಟಲ್ಲಿ ಕೂತು ಅಭ್ಯಾಸ ಮಾಡ್ಕೊಳ್ಳಿ" ಎಂದಿದ್ದರು ಅತ್ತೆ. ಅಂದಿನಿಂದ ಸಂಜೆಯಾದರೆ ಸಾಕು, ಮಾವ ಕನ್ನಡಕ ಒರೆಸಿಕೊಂಡು, ಮನೆ ಮುಂದೆ ನಿಂತಲ್ಲೇ ನಿಂತ ಕಾರಿನ ಪಕ್ಕದ ಸೀಟಿನಲ್ಲಿ ಕಿಟಕಿ ಇಳಿಸಿ ಕೂರುತ್ತಿದ್ದರು.

ಆಸೆ ಬಿಡಿ ಎಂದು ಅತ್ತೆಗೆ ಹೇಳುವವರು ಯಾರು? ಮೊದಲು ಮೇಷ್ಟ್ರ ಹೆಂಡತಿ ಹೋದಳು. ತಾಯಿಯ ಜೊತೆ ಅರ್ಧ ಗಂಟೆ ಮಾತಾಡಿ ಬಂದು, "ಅಮ್ಮ ಹೇಳೋದ್ರಲ್ಲೂ ಒಂದು ಅರ್ಥ ಇದೆ ರೀ" ಎಂದಳು. ಆಮೇಲೆ ಭಾಮೈದ ಎದೆ ಸೆಟೆಸಿಕೊಂಡು ಹೋದ. ವಾಪಸು ಬರುವಾಗ ನಲವತ್ತನೇ ವಯಸ್ಸಿನಲ್ಲಿ ಈಜು ಕಲಿಯುವ ತೀರ್ಮಾನ ಮಾಡಿಕೊಂಡು ಬಂದ. ಕೊನೆಗೆ ಮೇಷ್ಟ್ರೇ ಗಂಟಲು ಸರಿಮಾಡಿಕೊಂಡು ಅಡುಗೆಮನೆಗೆ ಹೋದರು.

"ಬನ್ನಿ ಬನ್ನಿ ಅಳಿಯಂದ್ರೇ," ಎಂದರು ಅತ್ತೆ. "ನನಗೊಂದು ಗುಟ್ಟು ಗೊತ್ತಾಗಿದೆ. ನಿಮ್ಮ ಶಾಲೆ ಕಾರಿಗೆ ಜೀವ ಇದೆ. ಯಾರಾದ್ರೂ ಅಡ್ಡ ಬಂದ್ರೆ ತಾನಾಗೇ ನಿಲ್ಲುತ್ತೆ! ಟೆಸ್ಟಿನ ದಿನ ಮಾತ್ರ ಯಾಕೋ ಮುನಿಸ್ಕೊಳ್ಳುತ್ತೆ. ಇನ್ಸ್‌ಪೆಕ್ಟರ ಮುಖ ಅದಕ್ಕೆ ಹಿಡಿಸಲ್ಲ ಅನ್ಸುತ್ತೆ."

ಮೇಷ್ಟ್ರು ನೀರು ಕುಡಿದು ಹೊರಗೆ ಬಂದರು.

ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕಾಲಬುಡದಲ್ಲೂ ಒಂದು ಬ್ರೇಕು ಇರುತ್ತದೆ. ಅದು ಮೇಷ್ಟ್ರದು, ಆಪತ್ತಿಗೆ ಮಾತ್ರ. ನಮ್ಮ ಮೇಷ್ಟ್ರಿಗೆ ಆಪತ್ತು ಗೇಟು ದಾಟುವಾಗಲೇ ಶುರುವಾಗುತ್ತಿತ್ತು. ನೂರು ಗಜ ದೂರದಲ್ಲಿ ನಾಯಿ ಬಾಲ ಅಲ್ಲಾಡಿಸಿದರೂ ಅವರ ಕಾಲು ಮೆಲ್ಲಗೆ ಒತ್ತಿಬಿಡುತ್ತಿತ್ತು. ಒತ್ತಿದ್ದು ನಾನು ಎಂದು ಅತ್ತೆಗೆ ಒಂದು ದಿನವೂ ಹೇಳಿದವರಲ್ಲ. ಹೆಣ್ಣು ಕೊಟ್ಟ ಅತ್ತೆಗೆ "ನಿಮ್ಮ ಕಾಲಿನ ಕೆಲಸ ನನ್ನ ಕಾಲು ಮಾಡ್ತಿದೆ" ಎಂದು ಯಾವ ಅಳಿಯ ಬಾಯಿಬಿಟ್ಟಾನು? ಅದೊಂದು ಸಣ್ಣ ಉಪಕಾರ ಎಂದೇ ಅವರು ತಿಳಿದಿದ್ದರು.

ಮರುದಿನ ಶಾಲೆಯ ಕಾರು ಸರ್ವೀಸಿಗೆ ಹೋಯಿತು. ಗ್ಯಾರೇಜಿನ ಮೆಕ್ಯಾನಿಕ್ ಬಾಗಿಲು ತೆರೆದು, ಬಗ್ಗಿ ಒಂದು ಕಡೆ ನೋಡಿದ, ಇನ್ನೊಂದು ಕಡೆ ನೋಡಿದ, ಆಮೇಲೆ ಕೈ ಒರೆಸಿಕೊಂಡ.

"ಮೇಷ್ಟ್ರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಓಡ್ಸೋರ ಬ್ರೇಕಿನ ರಬ್ಬರು ಅಂಗಡಿಯಿಂದ ಬಂದ ಹಾಗೇ ಇದೆ. ನಿಮ್ಮದು ಸವೆದು ಕಬ್ಬಿಣ ಕಾಣ್ತಿದೆ. ಈ ಕಾರು ಓಡ್ಸೋದು ಯಾರು?"

ಮೇಷ್ಟ್ರು ಆ ಎರಡು ಪೆಡಲುಗಳನ್ನು ನೋಡುತ್ತಾ ನಿಂತರು. ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಫೇಲಾಗುತ್ತಿದ್ದವರು ಅವರ ಶಿಷ್ಯರೇ. ನನ್ನ ಹಣೆಗೆ ಇಂಥ ಪೆದ್ದರೇ ಅಂಟುತ್ತಾರೆ ಎಂದು ಹದಿನಾಲ್ಕು ವರ್ಷ ಗೊಣಗಿದ್ದರು. ಈಗ ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು. ಅತ್ತೆಯನ್ನು ಆರು ಸಲ ಫೇಲು ಮಾಡಿದ್ದು ಅತ್ತೆಯ ನಗುವಲ್ಲ, ತಮ್ಮ ಬಲಗಾಲು.

ಅಂದು ಪಾಠಕ್ಕೆ ಬಂದ ಮೇಷ್ಟ್ರು ಒಂದು ಕೆಲಸ ಮಾಡಿದರು. ಚಪ್ಪಲಿ ಬಿಚ್ಚಿ, ಕಾಲೆರಡನ್ನೂ ಮೇಲೆತ್ತಿ, ಸೀಟಿನ ಮೇಲೆ ಊಟಕ್ಕೆ ಕೂತ ಹಾಗೆ ಚಕ್ಕಳಮಕ್ಕಳ ಹಾಕಿ ಕೂತರು. ಕಾಲು ತಾನಾಗಿ ಕೆಳಗೆ ಇಳಿದೀತೆಂದು ಎರಡೂ ಕೈಯಿಂದ ಮಂಡಿ ಹಿಡಿದುಕೊಂಡರು.

"ಆರಾಮಾಗಿ ಕೂತ್ಕೊಳ್ಳಿ, ಅಷ್ಟು ನಂಬಿಕೆ ಬಂತಲ್ಲ ನನ್ನ ಮೇಲೆ!" ಎಂದು ಅತ್ತೆ ಕಾರು ಹೊರಡಿಸಿದರು.

ದಿನಸಿ ಅಂಗಡಿಯ ತಿರುವಿನಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಆಳೆತ್ತರ ಜೋಡಿಸಿದ್ದರು. ಅತ್ತೆ ಅದರ ಕಡೆಗೆ ನಗುನಗುತ್ತಾ ಕಾರು ಬಿಟ್ಟರು.

"ಅತ್ತೇ, ಬ್ರೇಕು!"

"ನಿಲ್ಲುತ್ತೆ ಬಿಡಿ, ಅದಕ್ಕೆ ಗೊತ್ತು."

"ಅದಕ್ಕೆ ಗೊತ್ತಿಲ್ಲ ಅತ್ತೇ! ಇಷ್ಟು ದಿನ ನಿಲ್ಲಿಸ್ತಿದ್ದೋನು ನಾನು!"

ಅತ್ತೆ ಬ್ರೇಕು ತುಳಿದರು. ಆರು ತಿಂಗಳಲ್ಲಿ ಮೊದಲ ಸಲ ತುಳಿದರು. ಅಷ್ಟರಲ್ಲಿ ಪೆಟ್ಟಿಗೆಗಳು ಒಂದೊಂದಾಗಿ ಬಾನೆಟ್ಟಿನ ಮೇಲೆ ಉರುಳಿ ಬಿದ್ದಿದ್ದವು. ಅಂಗಡಿಯವನು ಓಡಿ ಬಂದು ಬೈದ. ಬೈದವರಿಗೂ ಕುಶಲ ಕೇಳುವ ಅತ್ತೆ ಅಂದು ತುಟಿ ಪಿಟಕ್ಕೆನ್ನಲಿಲ್ಲ. ಇಳಿದು, ಮನೆಗೆ ನಡೆದುಕೊಂಡೇ ಹೋದರು.

ಮೂರು ದಿನ ಮನೆ ಮನೆಯಾಗಿರಲಿಲ್ಲ. ಅತ್ತೆಯ ಉತ್ಸಾಹ ಕೇಳಿ ಕೇಳಿ ತಲೆ ಚಿಟ್ಟು ಹಿಡಿಯಿತು ಎನ್ನುತ್ತಿದ್ದವರೆಲ್ಲ ಈಗ ಅವರ ಬಾಯಿಂದ ಒಂದು ಮಾತು ಬೀಳುತ್ತದೋ ಎಂದು ಕಾದರು. ಸೂರು ಸೋರಿತು, ಯಾರೂ ಕುಂಡ ಇಡಲಿಲ್ಲ. "ಅಮ್ಮಂಗೆ ಏನು ಮಾಡಿದ್ರಿ?" ಎಂದು ಹೆಂಡತಿ ಮೇಷ್ಟ್ರ ಮೇಲೆ ಹರಿಹಾಯ್ದಳು. ಮೂರನೆಯ ಸಂಜೆ ಮಾವ ಕಾರಿನಿಂದ ಇಳಿದು, ಕಿಟಕಿ ಏರಿಸಿ, ಒಳಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರು. ಅದನ್ನು ನೋಡಿ ಮೇಷ್ಟ್ರಿಗೆ ಅಳು ಬಂತು. ಒಳ್ಳೆಯದನ್ನೇ ನಂಬಿ ಬದುಕಿದ್ದ ಹೆಂಗಸಿಗೆ ಸತ್ಯ ಹೇಳಿ ಎಂಥ ಪಾಪ ಕಟ್ಟಿಕೊಂಡೆ ಎನಿಸಿತು.

ನಾಲ್ಕನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮೇಷ್ಟ್ರ ಮುಂದೆ ಅತ್ತೆ ಬಂದು ನಿಂತರು.

"ನಿಜ ಹೇಳಿ ಅಳಿಯಂದ್ರೇ. ಎಲ್ಲಾನೂ ನೀವೇ ಮಾಡ್ತಿದ್ರಾ?"

ಮೇಷ್ಟ್ರು ಬಾಯಿ ತುಂಬ ನೊರೆ ಇಟ್ಟುಕೊಂಡು ತಲೆಯಾಡಿಸಿದರು. ಉಗುಳಿ ಹೇಳಿದರು: "ಇಲ್ಲ ಅತ್ತೆ. ಬ್ರೇಕು ಮಾತ್ರ. ಸ್ಟಿಯರಿಂಗು, ಗೇರು, ಹಾರ್ನು ಎಲ್ಲಾ ನೀವೇ."

ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. ನಿಧಾನವಾಗಿ ಅವರ ಮುಖ ಅರಳಿತು.

"ಅಂದ್ರೆ ಮುಕ್ಕಾಲು ಪಾಲು ಕಲಿತಾಗಿದೆ! ಬ್ರೇಕು ಒಂದೇ ತಾನೇ ಬಾಕಿ? ನಡೀರಿ, ಬಾಯಿ ತೊಳ್ಕೊಂಡು ಬನ್ನಿ."

ಮುಂದೆ ಹದಿನೆಂಟು ದಿನ ಮೇಷ್ಟ್ರು ಮಂಡಿ ಹಿಡಿದು ಚಕ್ಕಳಮಕ್ಕಳ ಕೂತೇ ಪಾಠ ಮಾಡಿದರು. ರಾತ್ರಿ ಹೆಂಡತಿ ಆ ಮಂಡಿಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಏಳನೇ ಟೆಸ್ಟಿನ ದಿನ ಇನ್ಸ್‌ಪೆಕ್ಟರು ಜೀವ ಕೈಯಲ್ಲಿ ಹಿಡಿದುಕೊಂಡು ಕಾರು ಹತ್ತಿ, ಇಪ್ಪತ್ತು ನಿಮಿಷದ ಮೇಲೆ ನಂಬಲಾಗದವರಂತೆ ಇಳಿದರು. ಒಂದು ಸಲವೂ ಕಿರುಚಿರಲಿಲ್ಲ. ಪಾಸು.

ಸುದ್ದಿ ಕೇಳಿ ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಇಷ್ಟು ದಿನ "ಖಂಡಿತ ಪಾಸಾಗ್ತೀಯಮ್ಮ" ಎಂದು ಬಾಯಿತುಂಬ ಹೇಳಿದವರೇ ಎಲ್ಲ. "ಸರಿ, ಎಲ್ಲರೂ ಹತ್ತಿ, ನದಿ ಹತ್ರ ಹೋಗ್ಬರೋಣ" ಎಂದರು ಅತ್ತೆ. ಮಗಳಿಗೆ ತಟ್ಟನೆ ತಲೆನೋವು ಬಂತು. ಭಾಮೈದನಿಗೆ ಈಜಿನ ಹೊತ್ತಾಗಿತ್ತು. ಪಾಸಾಗಲಿ ಎನ್ನುವುದು ಬೇರೆ, ಪಾಸಾದವರ ಕಾರಿನಲ್ಲಿ ಕೂರುವುದು ಬೇರೆ.

ಮಾವ ಆಗಲೇ ಪಕ್ಕದ ಸೀಟಿನಲ್ಲಿ ಕೂತಿದ್ದರು. ಮೇಷ್ಟ್ರು ಹಿಂದಿನ ಸೀಟಿಗೆ ಹತ್ತಿ, ಅಭ್ಯಾಸಬಲದಿಂದ ಕೆಳಗೆ ನೋಡಿದರು. ಇದು ಮನೆಯ ಕಾರು. ಇಲ್ಲಿ ಬ್ರೇಕು ಒಂದೇ.

ಕಾರು ಹೊರಟಿತು. ದಿನಸಿ ಅಂಗಡಿಯವನು ಪೆಟ್ಟಿಗೆಗಳನ್ನು ಅವಸರದಿಂದ ಒಳಗೆ ಎಳೆದುಕೊಂಡ. ಸೇತುವೆಯ ಮುಂಚಿನ ತಿರುವಿನಲ್ಲಿ, ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ಇದ್ದಕ್ಕಿದ್ದ ಹಾಗೆ ರಸ್ತೆಗೆ ಇಳಿದುಬಿಟ್ಟಳು. ಮೇಷ್ಟ್ರ ಬಲಗಾಲು ಬರಿ ನೆಲವನ್ನು ಶಕ್ತಿಯಿದ್ದಷ್ಟೂ ಒತ್ತಿತು. ಮುಂದಿನ ಸೀಟಿನಲ್ಲಿ ಮಾವನ ಕಾಲೂ ದಪ್ಪೆಂದು ನೆಲಕ್ಕೆ ಬಿತ್ತು. ಕಾರು ಅಲುಗದೆ, ಸದ್ದಿಲ್ಲದೆ, ಮೂರು ಮಾರು ದೂರದಲ್ಲೇ ನಿಂತಿತು.

ಮಗು ಅತ್ತೆಗೆ ಕೈ ಬೀಸಿತು. ಅತ್ತೆಯೂ ಬೀಸಿದರು. ಆಮೇಲೆ ಗಂಡನ ಕಾಲು ನೋಡಿ, ಕನ್ನಡಿಯಲ್ಲಿ ಅಳಿಯನ ಮುಖ ನೋಡಿದರು.

"ಎಷ್ಟು ಚೆನ್ನಾಗಿ ನಿಲ್ತು ನೋಡಿ! ಮೂರು ಜನ ಒಟ್ಟಿಗೆ ಒತ್ತಿದ್ರೆ ನಿಲ್ಲದೆ ಇರುತ್ತಾ?"

ಮಾವ ಎಷ್ಟೋ ತಿಂಗಳ ಮೇಲೆ ಗಟ್ಟಿಯಾಗಿ ನಕ್ಕರು. ಕಾರು ಸೇತುವೆ ಹತ್ತಿತು. ಮೇಷ್ಟ್ರು ಚಪ್ಪಲಿ ಬಿಚ್ಚಿ, ಕಾಲು ಮೇಲೆತ್ತಿ, ಚಕ್ಕಳಮಕ್ಕಳ ಹಾಕಿ ಕೂತರು. ಈ ಸಲ ಮಂಡಿ ಹಿಡಿದುಕೊಳ್ಳಲಿಲ್ಲ.